ಉಣ್ಣೆ ಹಾಸಿನ ಕಿಡಿ

ನಾರಿನ್, ಜನವರಿ ೧೪.

ಸೈರಕನ್ ಅಜ್ಜಿಯ ಕಂಪ್ಯೂಟರಿಗೆ ಮೂರನೇ ಸೌಂಡ್ ಕಾರ್ಡ್ ಹಾಕಿ ಬಂದೆ. ಮೊದಲಿನೆರಡರಂತೆ ಇದು ಸುಡುವುದಿಲ್ಲ. ಹಿಂದೆ ರಿಪೇರಿಗೆ ಬಂದವರಿಬ್ಬರೂ ಅಜ್ಜಿ ಅತಿಥಿಗೆಂದು ಹಾಸುವ ಉಣ್ಣೆ ಹಾಸಿನ ಮೇಲೆ ಕೂತೇ ಕಾರ್ಡ್ ಹಾಕಿದ್ದರಂತೆ. ನಾನು ಉಣ್ಣೆಯ ಕಾಲುಚೀಲ ಬಿಚ್ಚಿ ಬರಿ ಹಲಗೆಯ ಮೇಲೆ ಕೂತೆ.

"ನಾನು ಹೊಲಿದಿದ್ದು ನಿಂಗೆ ಆಗ್ಬರಲ್ವೇನೇ?" ಅಜ್ಜಿ ಸಿಡುಕಿದರು.

"ಅದರ ಮೇಲೆ ಕಾಲೆಳ್ಕೊಂಡು ನಡೆದು ಆ ಕಬ್ಬಿಣದ ಮಂಚ ಮುಟ್ಟಿ ಅಜ್ಜಿ."

ಮುಟ್ಟಿದರು. ಚುರುಕ್ಕೆಂದು ಕಿಡಿ ಹಾರಿತು.

"ಕಾರ್ಡ್ ಸುಟ್ಟಿದ್ದು ಇದೇ, ಉಣ್ಣೆ ಮಾಡೋ ಕೆಲಸ," ಎಂದೆ.

ಅಜ್ಜಿ ಬೆರಳನ್ನೇ ನೋಡುತ್ತ ನಿಂತರು.

"ಮದುವೆ ಆದ ಹೊಸ್ತರಲ್ಲಿ ನಮ್ಮ ಯಜಮಾನ್ರು ಮುಟ್ಟಿದಾಗ್ಲೂ ಹಿಂಗೇ ಚುರುಕ್ ಅಂದಿತ್ತು. ನಲವತ್ತು ವರ್ಷ ಬೇರೇನೋ ಅನ್ಕೊಂಡಿದ್ದೆ ಕಣೇ."

ಕಾರ್ಡ್ ಗಟ್ಟಿಯಾಗಿ ಕೂತಿದೆ, ಅದರಲ್ಲಿ ಅನುಮಾನವಿಲ್ಲ. ಉಣ್ಣೆಯ ವಿಷಯ ಮಾತ್ರ ನಾನು ಬಾಯಿಬಿಡದೆ ಇರಬೇಕಿತ್ತು.