ಗೊಟ್ಲೀಬನ ಹೆಸರಿನಲ್ಲಿ ಬಂದ ಕವಿತೆ

ಡ್ರೆಸ್ಡೆನ್, ಅಕ್ಟೋಬರ್ 1819

ತಮ್ಮಾ ರೂಪರ್ಟ್,

ನೀನು ತೀರಿಕೊಂಡು ಎಂಟು ತಿಂಗಳಾಯಿತು. ಈ ವರ್ಷದ ಕಾವ್ಯಸಂಚಿಕೆಯಲ್ಲಿ, ಎಲ್ಬೆ ನದಿಯ ಬಗ್ಗೆ ನೀನು ಕಟ್ಟಿ, ಯಾರೂ ಕೇಳುತ್ತಿಲ್ಲವೆಂದುಕೊಂಡು ಗುನುಗುತ್ತಿದ್ದ ಕವಿತೆ ಕಂಡೆ. ಕೆಳಗೆ ನಿನ್ನ ಗೆಳೆಯ ಗೊಟ್ಲೀಬನ ಹೆಸರಿತ್ತು. ಸತ್ತವನ ಹಾಳೆ ಕದ್ದಿದ್ದಾನೆ ಎಂದುಕೊಂಡು ನೇರ ಅವನ ಮನೆಗೆ ಹೋದೆ. ನನ್ನನ್ನು ಕಂಡೊಡನೆ ಅವನು ಮೇಜಿನ ಖಾನೆ ಮುಚ್ಚಿದ. ಅನುಮಾನ ಇನ್ನಷ್ಟು ಬಲಿಯಿತು.

“ಏನಯ್ಯಾ ಕವಿ, ಆ ನದಿ ಯಾವಾಗಿಂದ ನಿಂದಾಯ್ತು? ತೆಗಿ ಖಾನೆ!”

“ಬೇಡ ಅಕ್ಕಾ, ನೋಡ್ಬೇಡಿ,” ಎಂದು ಅಂಗಲಾಚಿದ.

ನಾನು ಬಿಡಲಿಲ್ಲ. ಒಳಗಿದ್ದದ್ದು ನೀನು ಅವನಿಗೆ ಬರೆದ ಚೀಟಿ: “ನಿನ್ನ ಹೆಸರಲ್ಲೇ ಅಚ್ಚು ಹಾಕ್ಸು. ನನ್ನದು ಅಂತ ಗೊತ್ತಾದ್ರೆ ಅಕ್ಕ ಹಳೇ ಕವಿತೆಗಳ ಹಾಗೆ ಇದನ್ನೂ ಒಲೆಗೆ ಹಾಕ್ತಾಳೆ.”

ಸಂಜೆ ಅಪ್ಪನಿಗೆ ಆ ಕವಿತೆ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, “ಯಾರು ಬರೆದದ್ದಮ್ಮಾ ಇದು?” ಎಂದರು.

ನಾನು ಗೊಟ್ಲೀಬನ ಹೆಸರು ಹೇಳಿದೆ.