ಇಳಿತದಲ್ಲಿ ನಿಂತವರು

ಯುಟ್ರೆಕ್ಟ್
೧೪ ಅಕ್ಟೋಬರ್ ೨೦೨೪

ಪ್ರೀತಿಯ ಅಣ್ಣಾ,

ಮಸ್ಕತ್ತಿನ ಸೆಕೆ ಸ್ವಲ್ಪವಾದರೂ ಇಳಿಯಿತಾ? ನಿನ್ನ ಸೊಂಟನೋವು ಹೇಗಿದೆ? ಉಷಾ ಅತ್ತಿಗೆ ಮಾಡಿಕೊಡುವ ಕಷಾಯ ಕುಡಿಯುತ್ತಿದ್ದೀಯೋ, ಸಿಂಕಿಗೆ ಸುರಿಯುತ್ತಿದ್ದೀಯೋ? ನಾವು ಸೌಖ್ಯ. ಅವಿನ್ ಈಗ ಒಬ್ಬನೇ ಸೈಕಲ್ ಹೊಡೆದುಕೊಂಡು ಶಾಲೆಗೆ ಹೋಗುತ್ತಾನೆ. ನಾನು ತುಳುವಿನಲ್ಲಿ ಕೇಳಿದರೆ ಮಗರಾಯ ಡಚ್ಚಿನಲ್ಲಿ ಉತ್ತರ ಕೊಡುತ್ತಾನೆ. ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಾದರೆ ನೀನು ನಗಾಡಿಯೇ ತೇಲಿಸಿಬಿಡುತ್ತಿ.

ನಮ್ಮ ಯುನಿವರ್ಸಿಟಿಯ ನಕಾಶೆ ವಿಭಾಗದವರು ನನ್ನನ್ನು ಒಬ್ಬ ಮುದುಕರ ಮನೆಗೆ ಹಳೆಯ ಪೆಟ್ಟಿಗೆಗಳನ್ನು ವಿಂಗಡಿಸಲು ಕಳಿಸುತ್ತಿದ್ದರು ಅಂದಿದ್ದೆನಲ್ಲ. ಪ್ರೊಫೆಸರ್ ಲೂಸಿಯೆನ್ ಮೊರ್ವಾನ್, ಫ್ರೆಂಚರು, ಭೂಗೋಳಶಾಸ್ತ್ರಜ್ಞರು. ಹುಟ್ಟಿದ್ದು ಫ್ರಾನ್ಸಿನ ಪಡುಗಡಲ ತೀರದಲ್ಲಿ, ಅಪ್ಪ ಲೈಟ್‌ಹೌಸ್ ಕಾಯುವವರು. ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಮರಳು ಎತ್ತ ಸರಿಯುತ್ತದೆ ಅಂತ ಅಳೆಯುವುದೇ ಇವರ ಬದುಕಾಯಿತು. ಮೂರು ಖಂಡ ಸುತ್ತಿ, ಕೊನೆಗೆ ಇಲ್ಲಿ ಮೂವತ್ತು ವರ್ಷ ಪಾಠ ಮಾಡಿದರು. ಎಂಬತ್ತಾರಾದರೂ ಬೆನ್ನು ಬಾಗಿರಲಿಲ್ಲ. ನನ್ನ ಹೆಸರಿನ ‘ಹ’ ಮಾತ್ರ ಅವರ ಬಾಯಿಗೆ ಹತ್ತಲೇ ಇಲ್ಲ, ಕೊನೆಯವರೆಗೂ ‘ಅರಿಣಾಕ್ಷಿ’ಯೇ.

ಸೆಪ್ಟೆಂಬರಿನ ಒಂದು ಭಾನುವಾರ ನನ್ನನ್ನು ಉತ್ತರದ ಕಡಲ ಒಡ್ಡಿಗೆ ಕರೆದುಕೊಂಡು ಹೋದರು. ಇಳಿತದ ಹೊತ್ತು. ನೀರು ಹಿಂದೆ ಸರಿದು ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಅದರ ನಡುವೆ ಸಾಲಾಗಿ ಜನ ನಿಂತಿದ್ದರು. ಇಲ್ಲಿ ಕೆಸರಿನ ಮೇಲೆ ನಡೆಯಲು ಟೂರಿಸ್ಟರು ಬರುವುದುಂಟು, ಅವರೇ ಅಂದುಕೊಂಡೆ. ಆದರೆ ಯಾರೂ ಹೆಜ್ಜೆ ಎತ್ತುತ್ತಿರಲಿಲ್ಲ. ಒಬ್ಬಳ ತಲೆಯ ಮೇಲೆ ಬುಟ್ಟಿ, ಇನ್ನೊಬ್ಬಳ ಕಂಕುಳಲ್ಲಿ ಮಗು. ಒಡ್ಡಿನ ಮೇಲೆ ನಮ್ಮನ್ನು ಬೀಳಿಸುವಂಥ ಗಾಳಿ. ಅವರ ಬಟ್ಟೆ ಅಲ್ಲಾಡುತ್ತಿರಲಿಲ್ಲ, ಅಣ್ಣಾ.

“ಸರ್, ನೀರು ಏರುವ ಹೊತ್ತಾಯಿತು, ಅವರನ್ನು ಯಾರಾದರೂ ಕರೆಯಬಾರದಾ?” ಅಂದೆ.

ಮುದುಕರು ನನ್ನ ಮಣಿಕಟ್ಟು ಹಿಡಿದುಕೊಂಡರು. “ನಿಮಗೂ ಕಾಣುತ್ತಾರಾ?”

ನೀರು ಏರಿತು. ಯಾರೂ ಓಡಲಿಲ್ಲ, ಕೂಗಲಿಲ್ಲ. ಆಮೇಲೆ ಅಲ್ಲಿ ಬರೀ ನೀರಿತ್ತು.

ಬಸ್ಸಿನಲ್ಲಿ ಬರುವಾಗ ಅವರೇ ಹೇಳಿದರು. ೧೯೭೧ರಲ್ಲಿ ಪಶ್ಚಿಮ ಆಫ್ರಿಕಾದ ಒಂದು ಅಳಿವೆ, ಅಲ್ಲಿ ಮರಳುದಂಡೆಯ ಮೇಲೆ ಬೆಸ್ತರ ಊರು. ದಂಡೆ ಒಡೆಯುತ್ತದೆ ಅಂತ ಇವರ ಅಳತೆಯಲ್ಲಿ ಒಂದು ವರ್ಷ ಮೊದಲೇ ಗೊತ್ತಾಗಿತ್ತು. ಪ್ರಬಂಧ ಗಟ್ಟಿಯಾಗಲಿ, ಇನ್ನೊಂದು ಮಳೆಗಾಲದ ಲೆಕ್ಕ ಸಿಗಲಿ ಅಂತ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ ಜನರ ಸಮೇತ ಊರೇ ಕಡಲಿಗೆ ಹೋಯಿತು. ಆ ಪ್ರಬಂಧದಿಂದಲೇ ಅವರಿಗೆ ಇಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು. “ಇವತ್ತು ಕೆಸರಿನಲ್ಲಿ ಬುಟ್ಟಿ ಹೊತ್ತು ನಿಂತಿದ್ದಳಲ್ಲ, ಅವಳು ದಿನಾ ನನಗೆ ಮೀನು ಸುಟ್ಟುಕೊಡುತ್ತಿದ್ದಳು,” ಅಂದರು.

ಕಳೆದ ಮಂಗಳವಾರ ಪ್ರೊಫೆಸರ್ ತೀರಿಕೊಂಡರು. ಕುರ್ಚಿಯಲ್ಲಿ ಕುಳಿತಲ್ಲೇ. ಮಣ್ಣಿಗೆ ಹೋದವರು ನಾವು ಆರೇ ಜನ. ಅಪ್ಪನ ಮನೆಯವರೇ ಯಾರೋ ಹೋದ ಹಾಗೆ ನನಗೆ ಅಳು ಬಂತು.

ಅತ್ತಿಗೆಗೆ ನನ್ನ ನೆನಪು ತಿಳಿಸು. ಪೂಜಿತಾಳಿಗೆ ಅತ್ತೆಯ ಮುತ್ತು. ಊರ ದೈವಗಳು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಹರಿಣಾಕ್ಷಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಪ್ರೊಫೆಸರರ ಪೆಟ್ಟಿಗೆಯಲ್ಲಿ ನಮ್ಮೂರ ಅಳಿವೆಯ ನಕಾಶೆಯ ಹಾಳೆಯೂ ಇದೆ, ೧೯೬೯ರದ್ದು. ಮುಂದೆ ಯಾವ ವರ್ಷ ಕಡಲು ಎಲ್ಲಿಯವರೆಗೆ ಬರುತ್ತದೆ ಅಂತ ಗೆರೆಗಳನ್ನು ಎಳೆದಿದ್ದಾರೆ. ಈ ವರ್ಷದ ಸ್ಯಾಟಲೈಟ್ ಚಿತ್ರದ ಜೊತೆ ಇಟ್ಟು ನೋಡಿದೆ, ಇಲ್ಲಿಯವರೆಗೆ ಒಂದು ಗೆರೆಯೂ ತಪ್ಪಿಲ್ಲ. ಆ ಹಾಳೆ ನನಗೆ ಸಿಕ್ಕಿದ್ದು ಒಡ್ಡಿಗೆ ಹೋಗುವ ಒಂದು ವಾರ ಮೊದಲು. ನಮ್ಮ ಅಳಿವೆಯ ಮರಳುದಂಡೆಯಾದ ಬೆಂಗ್ರೆಯಲ್ಲಿ ಮನೆ ಕಟ್ಟುವ ನಿನ್ನ ಖುಷಿ ನೋಡಿ ಸುಮ್ಮನಿದ್ದೆ. ಡಿಸೆಂಬರಿನಲ್ಲಿ ಪಾಯ ತೋಡಿಸಬೇಡ, ಕಂಟ್ರಾಕ್ಟರ್ ಹರಿಪ್ರಸಾದನಿಗೆ ಈಗಲೇ ಹೇಳು. ಹಾಳೆಯ ಫೋಟೋ ಇದರೊಳಗೆ ಇಟ್ಟಿದ್ದೇನೆ. ನಿನ್ನ ಜಾಗಕ್ಕೆ ಅವರು ನೀಲಿ ಬಣ್ಣ ಹಚ್ಚಿದ್ದಾರೆ.