ಕಪ್ಪಾಗದ ಗಾಲಿ

ಬುಧವಾರ, ಮಧ್ಯಾಹ್ನದ ಬಿಡುವು
ಗಾಲಿ ತೊಳೆಯುವ ಕಟ್ಟೆಯಿಂದ

ಮುದ್ದು ಮಗಳೇ,

ನಿನಗೆ, ಅಳಿಯಂದಿರಿಗೆ, ನನ್ನ ಪಾಪುವಿಗೆ ಈ ಒದ್ದೆ ಕೈಯಿಂದಲೇ ಆಶೀರ್ವಾದ. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ಪದ್ಧತಿ, ಬರೆದಿದ್ದೇನೆ. ಮಂಡಿ ನೋವು ಇದ್ದಲ್ಲೇ ಇದೆ. ಗ್ಯಾರೇಜಿನ ಯಜಮಾನರು ಹೊಸ ಪಂಪು ತಂದಿದ್ದಾರೆ, ಹಳೆಯದಕ್ಕಿಂತ ಇದರ ಅರಚಾಟ ಜಾಸ್ತಿ.

ನಿನ್ನ ಕಾಗದ ಶನಿವಾರವೇ ಬಂತು. ಉತ್ತರಕ್ಕೆ ನಾಲ್ಕು ದಿನ ತಡ ಮಾಡಿದೆ, ತಪ್ಪಾಯಿತು ಕಣೇ. ಸುಮ್ಮನೆ ಕೂತಿರಲಿಲ್ಲ, ಮೂರು ಸಲ ಬರೆದೆ, ಮೂರು ಸಲ ಹರಿದೆ. ನೀನು ಹಾಸ್ಟೆಲ್ಲಿನಲ್ಲಿದ್ದಾಗ ಈ ಪಂಪಿನ ಗದ್ದಲದಲ್ಲಿ ಫೋನು ಕೇಳುವುದಿಲ್ಲವೆಂದು ಶುರುವಾದ ಕಾಗದದ ಚಾಳಿ ಇದು, ಇವತ್ತಿಗೂ ಇಬ್ಬರಿಗೂ ಬಿಟ್ಟಿಲ್ಲ. ಶನಿವಾರದಿಂದ ದಿನಕ್ಕೆ ಎರಡು ಸಲ ಫೋನು ಮಾಡಿ ನಿನ್ನ ತಲೆ ತಿಂದಿದ್ದೇನೆ. ಆದರೂ ಹೇಳಬೇಕಾದ್ದು ಹೇಳಲಿಲ್ಲ.

ನಿನ್ನ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲೇ ಇದೆ. ನೀರು ಬಿದ್ದು ಅಕ್ಷರ ಹಬ್ಬಿದೆ. ಆ ನಾಲ್ಕು ಸಾಲು ಮಾತ್ರ ನನಗೆ ಬಾಯಿಪಾಠ ಆಗಿಬಿಟ್ಟಿವೆ. "ಅಮ್ಮಾ, ನಿನ್ನ ಮೇಣದ ಡಬ್ಬಿಗೆ ಜೈ! ಕಾರಿನ ನಾಲ್ಕೂ ಗಾಲಿಗೆ ನೀನು ಹೇಳಿದ ಹಾಗೇ ಹಚ್ಚಿದೆ. ಉಳಿದವು ಮಾಮೂಲು, ಮುಂದಿನ ಬಲಗಡೆಯದಂತೂ ಮಸಿ ಬಳಿದ ಹಾಗಿದೆ. ಆದ್ರೆ ಮುಂದಿನ ಎಡಗಡೆಯದು ನೋಡ್ಬೇಕು ನೀನು! ಮೂರು ವಾರ ಆಯ್ತು, ಒಂದು ಚೂರು ಕಪ್ಪಾಗಿಲ್ಲ. ಪಾಪು ಅದರಲ್ಲಿ ಮುಖ ನೋಡ್ಕೊಂಡು ನಾಲಗೆ ಚಾಚ್ತಾನೆ."

ಇದನ್ನು ಓದಿ ಯಾವ ತಾಯಿಗಾದರೂ ಖುಷಿಯಾಗಬೇಕು. ನಾನು ಬ್ರಷ್ಷು ಬಿಟ್ಟು ಫೋನು ಹುಡುಕಿದೆ.

ಅದರ ಕೆಳಗೆ ಇನ್ನೊಂದು ಬರೆದಿದ್ದೀಯ. ಬರುವ ಭಾನುವಾರ ಎಲ್ಲರೂ ಬೆಟ್ಟಕ್ಕೆ ಹೋಗುತ್ತೀರಿ, ನಿನ್ನ ಅಣ್ಣನನ್ನೂ ಹೊರಡಿಸಿದ್ದೀಯ, ವಾಪಸು ಇಳಿಯುವಾಗ ಅವನ ಕೈಗೆ ಸ್ಟೀರಿಂಗ್ ಕೊಡುತ್ತೀಯ. "ಒಂಬತ್ತು ವರ್ಷ ಸಾಕಮ್ಮ, ಅವನು ಮತ್ತೆ ಕಾರು ಓಡಿಸೋದು ನಾನು ನೋಡ್ಬೇಕು" ಅಂದಿದ್ದೀಯ. ನಿನ್ನ ಮನಸ್ಸು ದೊಡ್ಡದು. ಇಂಥ ಮಗಳನ್ನು ಹೆತ್ತದ್ದಕ್ಕೆ ಹೆಮ್ಮೆಯಾಯಿತು. ಆದರೆ ಬೇಡ. ಈ ಕಾರಿನಲ್ಲಿ ಬೇಡ, ಆ ಇಳಿಜಾರಿನಲ್ಲಿ ಬೇಡ.

ಫೋನಿನಲ್ಲಿ ನಾನು "ಬ್ರೇಕ್ ಒತ್ತಿದ್ರೆ ಕಾರು ಬಲಕ್ಕೆ ಎಳೆಯುತ್ತಾ?" ಅಂತ ಕೇಳಿದಾಗ ನೀನು "ಸ್ವಲ್ಪ ಎಳೆಯುತ್ತಮ್ಮಾ, ಇಲ್ಲಿನ ರಸ್ತೇನೇ ಸೊಟ್ಟ" ಅಂತ ನಕ್ಕೆ. ಗ್ಯಾರೇಜಿಗೆ ತೋರಿಸು ಅಂದರೆ "ಬೆಟ್ಟದಿಂದ ಬಂದ ಮೇಲೆ ತೋರಿಸ್ತೀನಿ, ಬ್ರೇಕ್ ಚೆನ್ನಾಗೇ ಹಿಡಿಯುತ್ತೆ" ಅಂದೆ. ಅಳಿಯಂದಿರು ಹಿಂದಿನಿಂದ "ಅತ್ತೆಗೆ ಗಾಲಿ ಹುಚ್ಚು" ಅಂದದ್ದೂ ನನಗೆ ಕೇಳಿಸಿತು. ಅವರಿಗೆ ಹೇಳು, ಕಿವಿ ಇನ್ನೂ ನೆಟ್ಟಗಿದೆ.

ಹುಚ್ಚೇ ಅಂದುಕೋ. ಹದಿನೇಳು ವರ್ಷದಿಂದ ಮೊಣಕಾಲೂರಿ ಬೇರೆಯವರ ಗಾಲಿ ಉಜ್ಜುತ್ತಿದ್ದೇನೆ. ಗಾಲಿಗೆ ಅಂಟುವ ಆ ಕಪ್ಪು ರಸ್ತೆಯ ಧೂಳಲ್ಲ. ಬ್ರೇಕ್ ಒತ್ತಿದಾಗ ಪ್ಯಾಡು ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಕಚ್ಚಿ ಹಿಡಿಯುತ್ತದೆ, ಎರಡೂ ಸವೆಯುತ್ತವೆ, ಆ ಸವೆದ ಪುಡಿಯೇ ಹಾರಿ ಬಂದು ಗಾಲಿಗೆ ಕೂರುತ್ತದೆ. ಬಿಸಿಯಾಗಿ ಕೂರುತ್ತದೆ, ಬಿಟ್ಟರೆ ತುಕ್ಕಾಗಿ ಕಚ್ಚಿಕೊಳ್ಳುತ್ತದೆ. ನನ್ನ ಮೇಣ ಅದನ್ನು ಕಚ್ಚಿಕೊಳ್ಳದ ಹಾಗೆ ಮಾಡುತ್ತದೆ, ತೊಳೆದರೆ ಬೇಗ ಬಿಡುತ್ತದೆ, ಅಷ್ಟೇ. ಪುಡಿ ಬೀಳುವುದನ್ನು ಯಾವ ಮೇಣವೂ ನಿಲ್ಲಿಸುವುದಿಲ್ಲ. ಮೂರು ವಾರ ಒಂದು ಗಾಲಿ ಕನ್ನಡಿಯ ಹಾಗಿದೆ ಎಂದರೆ ಅಲ್ಲಿ ಪುಡಿ ಬೀಳುತ್ತಿಲ್ಲ. ಪುಡಿ ಬೀಳುತ್ತಿಲ್ಲ ಎಂದರೆ ಆ ಬ್ರೇಕ್ ಹಿಡಿಯುತ್ತಿಲ್ಲ. ಅದರ ಪಾಲಿನ ಕೆಲಸವನ್ನೂ ಬಲಗಡೆಯದು ಒಂದೇ ಮಾಡುತ್ತಿದೆ, ಅದಕ್ಕೇ ಅದರ ಮುಖ ಅಷ್ಟು ಮಸಿ.

ನನ್ನ ಮಾತು ನಂಬಬೇಡ. ಸೋಮವಾರ ನಮ್ಮ ಕಿವಿ ಮೇಸ್ತ್ರಿಯನ್ನು ಕೇಳಿದೆ. ನಿನಗೆ ನೆನಪಿದೆಯಲ್ಲ, ಬಾನೆಟ್ಟಿನ ಮೇಲೆ ಕಿವಿಯಿಟ್ಟು ರೋಗ ಹೇಳುವವರು. ಯಾರದೋ ಗಿರಾಕಿಯ ಕಾರು ಎನ್ನುವ ಹಾಗೆ ಕೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: "ಗಾಲಿ ಕ್ಲೀನಾಗಿದ್ರೆ ಖುಷಿಪಡೋದು ನಿಮ್ಮ ಕೆಲಸ ಗಾಲಿಯಮ್ಮ, ಹೆದರೋದು ನನ್ನ ಕೆಲಸ. ಒಳಗೆ ಪ್ಯಾಡು ಒತ್ತೋ ಪಿಸ್ಟನ್ ಜಾಮ್ ಆಗಿರುತ್ತೆ. ಊರೊಳಗೆ ನಿಧಾನ ಓಡಿಸುವಾಗ ಗೊತ್ತೇ ಆಗಲ್ಲ. ಇಳಿಜಾರಲ್ಲಿ ಗಟ್ಟಿಯಾಗಿ ಒತ್ತಬೇಕಾಗುತ್ತಲ್ಲ, ಅವಾಗ ಗೊತ್ತಾಗುತ್ತೆ." ಆಮೇಲೆ ನನ್ನ ಮುಖ ನೋಡಿ "ಯಾರ ಕಾರು?" ಅಂದರು. ನಾನು ಬಕೆಟ್ಟು ಎತ್ತಿಕೊಂಡು ಎದ್ದು ಬಂದೆ.

ಕರೆ ಬಂತು. ಒಂದು ಬಿಳಿ ಕಾರು ಕಟ್ಟೆ ಹತ್ತಿದೆ, ಮುಗಿಸಿ ಬರುತ್ತೇನೆ.

ಮೂರು ಗಂಟೆ. ಮುಗಿಯಿತು. ಈ ನಾಲ್ಕು ದಿನದಲ್ಲಿ ನನಗೆ ಹೊಸ ರೋಗ ಬಂದಿದೆ. ಯಾವ ಕಾರು ಬಂದರೂ ಮೊದಲು ಎಡಗಡೆಯ ಮುಂದಿನ ಗಾಲಿ ನೋಡುತ್ತೇನೆ. ಕಪ್ಪಗಿದ್ದರೆ ಉಸಿರು ಬರುತ್ತದೆ. ಇವತ್ತಿನ ಗಿರಾಕಿ "ಎಷ್ಟು ಕೊಳೆ ನೋಡಿಯಮ್ಮ, ನಾಚಿಕೆ ಆಗುತ್ತೆ" ಅಂದರು. ನನಗೆ ಅವರ ಕೈ ಹಿಡಿದು ನಿಮ್ಮ ಹೊಟ್ಟೆ ತಣ್ಣಗಿರಲಿ ಅನ್ನಬೇಕೆನಿಸಿತು. ಗಾಲಿಗೆ ಆ ದ್ರಾವಣ ಸಿಂಪಡಿಸಿದೆ. ನಿನಗೆ ಚಿಕ್ಕವಳಿದ್ದಾಗ ಅದನ್ನು ನೋಡುವುದೇ ಆಟವಾಗಿತ್ತು. ಕಬ್ಬಿಣದ ಪುಡಿ ಇದ್ದ ಕಡೆಯೆಲ್ಲ ನೇರಳೆಯಾಗಿ ಇಳಿಯುತ್ತದಲ್ಲ, "ಗಾಲಿ ಅಳ್ತಿದೆ" ಅನ್ನುತ್ತಿದ್ದೆ. ನಾಲ್ಕೂ ಗಾಲಿಯಿಂದ ನೇರಳೆ ಬಣ್ಣ ಇಳಿಯುವುದನ್ನು ನೋಡಿ ಸಮಾಧಾನವಾಯಿತು.

ನೀನು ಕೇಳಿದ್ದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಅಮ್ಮ ಬರೀ ಹೆದರಿಸಿದಳು ಅಂತೀಯ. ಕಾರು ಓಡಿಸಿ ಬಂದ ತಕ್ಷಣ ಗಾಲಿ ತೊಳೆಯಬೇಡ, ಬಿಸಿ ಆರಲಿ. ಒಣಗಿದ ಪುಡಿಯನ್ನು ಬಟ್ಟೆಯಿಂದ ಕೊಡವಬೇಡ, ಪಾಪು ಅಲ್ಲೇ ಆಡುತ್ತಿರುತ್ತಾನೆ, ಮೂಗಿಗೆ ಹೋಗುತ್ತದೆ. ಮೊದಲು ನೀರು ಬಿಡು. ಗಾಲಿಗೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಅದೇ ಬಟ್ಟೆ ಬಾಗಿಲಿಗೆ ಒರೆಸಿದೆಯೋ, ಬಣ್ಣದ ಮೇಲೆ ಗೀರು ಬಿತ್ತು ಅಂತ ಆಮೇಲೆ ನನಗೇ ದೂರು ಬರುತ್ತದೆ. ಮೇಣ ಡಿಸ್ಕಿಗೆ ತಾಗಬಾರದು, ಒಂದು ಹನಿಯೂ. ಪುಡಿ ಕಡಿಮೆಯಾಗಬೇಕಾದರೆ ಕಡಿಮೆ ಉದುರುವ ಪ್ಯಾಡು ಸಿಗುತ್ತವೆ, ಹಾಕಿಸಿಕೋ. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗಿ ಕೊನೆ ಗಳಿಗೆಯಲ್ಲಿ ಒತ್ತುವ ನಿನ್ನ ಅಭ್ಯಾಸ ಬಿಟ್ಟರೆ ಅರ್ಧ ಪುಡಿ ಅಲ್ಲೇ ಕಡಿಮೆಯಾಗುತ್ತದೆ. ಮತ್ತೆ ಎಡ, ಬಲ ಎರಡೂ ಒಂದೇ ಸಮನೆ ಕಪ್ಪಾಗುತ್ತಿವೆಯೇ ಅಂತ ನೋಡುತ್ತಿರು. ಈ ಕೊನೆಯದನ್ನು ನಿನಗೆ ಮೇಣದ ಡಬ್ಬಿ ಕೊಡುವಾಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಈಗ ಗಟ್ಟಿಯಾಗಿ ಕೇಳು. ಈ ಕಾಗದ ತಂದವರು ನಮ್ಮ ಕೆಟ್ಟ ಕಾರುಗಳನ್ನು ಹೊತ್ತು ತರುವ ಲಾರಿಯ ಡ್ರೈವರ್. ನಾವು ಅವರನ್ನು ಮೌನಿಗಳು ಅನ್ನುತ್ತೇವೆ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಗುರುವಾರ ನಿಮ್ಮ ಕಡೆ ಅವರಿಗೆ ಬಾಡಿಗೆ ಇದೆ, ಬರುವಾಗ ಖಾಲಿ. ಕಾರಿನ ಕೀಲಿ ಅವರ ಕೈಗೆ ಕೊಡು. ಗ್ಯಾರೇಜಿಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ ಅನ್ನಬೇಡ. ಕಾರು ಲಾರಿಯ ಮೇಲೆ ಬರಲಿ. ಶುಕ್ರವಾರ ಕಿವಿ ಮೇಸ್ತ್ರಿ ಗಾಲಿ ಬಿಚ್ಚುತ್ತಾರೆ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಏನೂ ಇಲ್ಲದಿದ್ದರೆ ಅಳಿಯಂದಿರು ಜೀವಮಾನವೆಲ್ಲ ನನ್ನನ್ನು ಆಡಿಕೊಳ್ಳಲಿ, ನಾನೇ ಎದುರಿಗೆ ಕೂತು ನಗುತ್ತೇನೆ.

ನಿನಗೆ ಕೋಪ ಬರುತ್ತದೆ, ಗೊತ್ತು. ಅಣ್ಣನನ್ನು ಒಪ್ಪಿಸಲು ಎಷ್ಟು ಕಷ್ಟಪಟ್ಟೆಯೋ. ನಿಮ್ಮಪ್ಪ ಹೋದ ದಿನದಿಂದ ಅವನು ಸ್ಟೀರಿಂಗ್ ಮುಟ್ಟಿಲ್ಲ. ಮುಂದಿನ ಸೀಟಿನಲ್ಲೂ ಕೂರುವುದಿಲ್ಲ. ಆ ಇಳಿಜಾರಿನಲ್ಲಿ ಅವನು ಜೋರಾಗಿ ಬಂದ, ತಡವಾಗಿ ಬ್ರೇಕ್ ಒತ್ತಿದ, ಗೋಡೆಗೆ ಹೋಗಿ ಹೊಡೆದ ಅಂತ ಎಲ್ಲರೂ ಅಂದರು. ದೊಡ್ಡಪ್ಪ ಅಂದರು, ಪೊಲೀಸರು ಬರೆದುಕೊಂಡರು, ನೀನೂ ಒಂದು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ಈಗ ನೀನೇ ಕೈ ಚಾಚಿದ್ದೀಯ, ಅದನ್ನು ಹಿಂದಕ್ಕೆ ತೆಗೆದುಕೋ ಅಂತ ನಾನು ಹೇಳುತ್ತಿಲ್ಲ. ಆದರೆ ಅವನು ಒಂಬತ್ತು ವರ್ಷದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದಾಗ ಕಾರು ಬಲಕ್ಕೆ ತಿರುಗಬಾರದು ಮಗಳೇ. ಪಾಪು ಹಿಂದೆ ಕೂತಿರುತ್ತಾನೆ. ನಾಲ್ಕು ದಿನದಿಂದ ಕಣ್ಣು ಮುಚ್ಚಿದರೆ ಬರೀ ಅದೇ ಕಾಣುತ್ತದೆ. ಅನ್ನ ಸೇರುತ್ತಿಲ್ಲ. ಇಷ್ಟು ಭಯ ನನಗೆ ಎಂದೂ ಆಗಿರಲಿಲ್ಲ.

ಕೀಲಿ ಕೊಡು. ನನ್ನ ಮೇಲೆ ಆಣೆ.

ಪಾಪುವಿನ ಕೆನ್ನೆಗೆ ಎರಡು ಮುತ್ತು. ಅಳಿಯಂದಿರ ಕೆಮ್ಮು ಹೇಗಿದೆ, ಬರೆ. ನೀವೆಲ್ಲ ನೂರು ವರ್ಷ ಬಾಳಿ, ನಿಮ್ಮ ನಾಲ್ಕೂ ಗಾಲಿ ಸದಾ ಕಪ್ಪಾಗಿರಲಿ. ನನ್ನಂಥವಳು ಇದಕ್ಕಿಂತ ದೊಡ್ಡ ಆಶೀರ್ವಾದ ಮಾಡಲಾರಳು.

ನಿನ್ನ
ಅಮ್ಮ

ಮರೆತದ್ದು: ಮರೆತೆ ಅನ್ನುವುದು ಸುಳ್ಳು. ಮೂರು ಕಾಗದ ಹರಿದದ್ದು ಇದಕ್ಕಾಗಿಯೇ. ಮೌನಿಗಳು ಲಾರಿ ಶುರು ಮಾಡಿ ಕಾಯುತ್ತಿದ್ದಾರೆ, ಆ ಧೈರ್ಯದಲ್ಲಿ ಬರೆದುಬಿಡುತ್ತೇನೆ.

ಈ ಮೇಣವನ್ನು ನಾನು ಮೊದಲು ಹಚ್ಚಿದ್ದು ನಿಮ್ಮಪ್ಪನ ಕಾರಿಗೆ. ಗ್ಯಾರೇಜಿನ ಯಜಮಾನರಿಗೆ ವ್ಯತ್ಯಾಸ ತೋರಿಸಬೇಕೆಂದು ಒಂದೇ ಗಾಲಿಗೆ ಹಚ್ಚಿದ್ದೆ, ಮುಂದಿನ ಎಡಗಡೆಯದಕ್ಕೆ. ಮೂರು ವಾರ ಅದು ಕನ್ನಡಿಯ ಹಾಗೇ ಇತ್ತು. ಎಲ್ಲರನ್ನೂ ಕರೆದು ತೋರಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಲಿಯಮ್ಮ ಅನ್ನುವ ಹೆಸರು ಬಿದ್ದದ್ದು, ಈ ಕಟ್ಟೆಗೆ ನನ್ನನ್ನು ಮುಖ್ಯಸ್ಥಳನ್ನಾಗಿ ಮಾಡಿದ್ದು ಆವತ್ತೇ. ಅದೇ ವಾರ ನಿಮ್ಮಪ್ಪ ಹೇಳಿದ್ದರು, "ಯಾಕೋ ಬ್ರೇಕ್ ಒತ್ತಿದ್ರೆ ಬಲಕ್ಕೆ ಎಳೆದ ಹಾಗಾಗುತ್ತೆ ಕಣೇ, ಮೇಸ್ತ್ರಿ ಹತ್ರ ಗಾಲಿ ಬಿಚ್ಚಿಸಿ ನೋಡ್ಲಾ?" ನಾನು "ಕೈ ಹಾಕಿಸಿದ್ರೆ ನನ್ನ ಮೇಣ ಹಾಳಾಗುತ್ತೆ, ಇನ್ನೊಂದು ವಾರ ತಡೀರಿ" ಅಂದೆ. ಅವರು ತಡೆದರು. ಆ ವಾರದಲ್ಲೇ ನಿನ್ನ ಅಣ್ಣನ ಜೊತೆ ಬೆಟ್ಟಕ್ಕೆ ಹೋದರು.

ಒಂದು ತಿಂಗಳಾದ ಮೇಲೆ ಗಿರಾಕಿಗಳ ಕಾರಿಗೆ ಅದೇ ಮೇಣ ಹಚ್ಚಿದೆವು. ಎಲ್ಲ ಗಾಲಿಯೂ ವಾರದಲ್ಲಿ ಕಪ್ಪಾದವು. ನಿಮ್ಮಪ್ಪನ ಗಾಲಿ ಹೊಳೆದದ್ದು ಮೇಣದಿಂದಲ್ಲ ಅಂತ ಆವತ್ತು ಗೊತ್ತಾಯಿತು. ಅಷ್ಟರಲ್ಲಿ ಕಾರು ಗುಜರಿಗೆ ಹೋಗಿತ್ತು. ನನ್ನನ್ನು ಕೇಳುವವರು ಯಾರೂ ಇರಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಅಪಘಾತವಾದ ದಿನ ಆಸ್ಪತ್ರೆಯಲ್ಲಿ ನಿನ್ನ ಅಣ್ಣ ನನಗೆ ಹೇಳಿದ್ದು ಒಂದೇ ಮಾತು. "ಅಮ್ಮ, ನಾನು ಸರಿಯಾಗೇ ಒತ್ತಿದೆ. ಕಾರು ತಾನಾಗೇ ಬಲಕ್ಕೆ ಎಳೀತು." ನಾನು ಅವನ ತಲೆ ಸವರಿ "ಇರಲಿ ಬಿಡಪ್ಪ, ನಾನು ಕ್ಷಮಿಸಿದ್ದೀನಿ" ಅಂದೆ. ಆಮೇಲೆ ಅವನು ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ.

ಈ ಕಾಗದ ಅವನಿಗೆ ತೋರಿಸಬೇಡ. ಭಾನುವಾರ ನಾನೇ ಬಸ್ಸಿನಲ್ಲಿ ಬರುತ್ತೇನೆ, ಅವನೆದುರು ಕೂತು ನಾನೇ ಹೇಳುತ್ತೇನೆ. ಅವನು ಬೈದರೆ ಬೈಸಿಕೊಳ್ಳುತ್ತೇನೆ, ಹೊರಗೆ ಹಾಕಿದರೆ ಹೋಗುತ್ತೇನೆ. ನನ್ನ ಭಯ ಬೇರೆ ಕಣೇ. ಅವನೂ ನನ್ನ ತಲೆ ಸವರಿ "ಇರಲಿ ಬಿಡಮ್ಮ" ಅಂದುಬಿಟ್ಟರೆ ನಾನು ಏನು ಮಾಡಲಿ?